‘ದಿ ಗೋಲ್ಡನ್ ಕಂಪಾಸ್’ ಸಿನಿಮಾ ಮೊದಲು ತೋರಿಸಿ, ಆಮೇಲೆ ಕಾದಂಬರಿ ಓದಿಸಬಹುದೇ?

ದಪ್ಪ ಪುಸ್ತಕವೆಂದರೆ ಹಿಂಜರಿಯುವ ನಿಮ್ಮ 11 ವರ್ಷದ ಮಗನಿಗೆ ರುಚಿ ಹತ್ತಲೆಂದು ಮೊದಲು ಸಿನಿಮಾ ತೋರಿಸುವ ಯೋಚನೆಯಲ್ಲಿದ್ದೀರಿ. ನನ್ನ ಅಕ್ಕನ ಮಗಳ ವಿಷಯದಲ್ಲಿ ನಾನು ಮಾಡಿದ್ದೂ ಇದನ್ನೇ.

ಫಿಲಿಪ್ ಪುಲ್‌ಮನ್ನರ 1995ರ ಆ ಕಾದಂಬರಿಯನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. 2007ರ ಸಿನಿಮಾ ನನಗೆ ತೀರಾ ನಿರಾಸೆ ತಂದಿತ್ತು. ಆದರೂ ಕವಚ ತೊಟ್ಟ ಹಿಮಕರಡಿಗಳನ್ನು, ಮನುಷ್ಯರ ಆತ್ಮವೇ ಪ್ರಾಣಿಯಾಗಿ ಜೊತೆಯಲ್ಲಿ ನಡೆಯುವ ಡೀಮನ್‌ಗಳನ್ನು ಕಣ್ಣಾರೆ ಕಂಡರೆ ಹುಡುಗಿಗೆ ಓದು ಸಲೀಸಾದೀತು ಎಂದುಕೊಂಡೆ. ಸಿನಿಮಾ ಮುಗಿದಾಗ ಅವಳು, “ಪುಸ್ತಕದಲ್ಲೂ ಇದೇ ಕಥೆನಾ?” ಎಂದು ಕೇಳಿದಳು. “ಹೌದು, ಇದೇ” ಎಂದೆ.

ನನ್ನ ತಪ್ಪು ಸಿನಿಮಾ ತೋರಿಸಿದ್ದಲ್ಲ, ಆ ಎರಡು ಪದಗಳು. ಪುಸ್ತಕದಲ್ಲಿ ಮೊದಲು, ಕದ್ದೊಯ್ದ ಮಕ್ಕಳನ್ನು ಕೂಡಿಹಾಕಿದ್ದ ಬೋಲ್ವಾಂಗರ್ ಎಂಬಲ್ಲಿಂದ ಅವರ ಬಿಡುಗಡೆ, ಬಳಿಕ ಸ್ವಾಲ್‌ಬಾರ್ಡಿನಲ್ಲಿ ಕರಡಿಗಳ ಕಾಳಗ, ಕೊನೆಗೆ ಕಥಾನಾಯಕಿ, ಹುಡುಗಿ ಲೈರಾ, ತನ್ನ ತಂದೆಯ ಬಳಿ ತಲುಪುವುದು. ತಂದೆಗೆ ಬೇಕಾದದ್ದು ತನ್ನ ಕೈಯಲ್ಲಿರುವ ಸತ್ಯ ಹೇಳುವ ಯಂತ್ರ ಎಂದು ಅವಳು ನಂಬಿರುತ್ತಾಳೆ. ಆತನಿಗೆ ಬೇಕಾದದ್ದು ಒಂದು ಮಗು, ಮತ್ತು ತನ್ನ ಗೆಳೆಯ ರೋಜರ್‌ನನ್ನು ಅಲ್ಲಿಗೆ ಕರೆತಂದವಳು ಅವಳೇ. ರೋಜರ್ ಸಾಯುತ್ತಾನೆ. ಲೈರಾ ದೊಡ್ಡವಳಾಗುವುದು ಆ ಕ್ಷಣದಲ್ಲಿ ಎಂದೇ ನಾನು ನಂಬಿದ್ದೇನೆ. ಸಿನಿಮಾ ಕರಡಿಗಳ ಕಾಳಗವನ್ನು ಮೊದಲಿಗೆ ತಂದು, ಮಕ್ಕಳ ಬಿಡುಗಡೆಯನ್ನು ಕೊನೆಗಿಟ್ಟು, ಇಬ್ಬರು ಗೆಳೆಯರನ್ನೂ ಭರವಸೆಯಿಂದ ಉತ್ತರಕ್ಕೆ ಕಳುಹಿಸಿ ಮುಗಿದುಬಿಡುತ್ತದೆ. ಕೊನೆಯ ಅಧ್ಯಾಯಗಳನ್ನು ಚಿತ್ರೀಕರಿಸಿಯೂ ಮುಂದಿನ ಭಾಗಕ್ಕೆಂದು ತೆಗೆದಿಟ್ಟರು. ಆ ಮುಂದಿನ ಭಾಗ ಬರಲೇ ಇಲ್ಲ.

ಪುಸ್ತಕ ಓದುಗರನ್ನು ಆ ಸಾವಿಗೆ ಮೆಲ್ಲಗೆ ಸಿದ್ಧಗೊಳಿಸುತ್ತದೆ. ಡೀಮನ್ ಕಳೆದುಕೊಂಡ ಪುಟ್ಟ ಟೋನಿ ಒಣಮೀನೊಂದನ್ನು ಎದೆಗವುಚಿಕೊಂಡು ಕುಳಿತಿರುವಲ್ಲಿಯೇ ಎದೆ ನಡುಗಬೇಕು. ನನ್ನ ಮಾತು ನಂಬಿದ್ದ ಅವಳು ಆ ಭಯವನ್ನೆಲ್ಲ ಬದಿಗಿಟ್ಟು, ಅಂತ್ಯ ಗೊತ್ತಿದೆ ಎಂಬ ಧೈರ್ಯದಲ್ಲಿ ಓದುತ್ತಾ ಹೋಗಿದ್ದಳು. ಒಂದು ರಾತ್ರಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತು, “ರೋಜರ್ ಸಾಯ್ತಾನೆ ಅಂತ ನಿಂಗೆ ಗೊತ್ತಿತ್ತಲ್ವಾ, ಚಿಕ್ಕಮ್ಮ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಎರಡನೆಯ ಸಂಪುಟವನ್ನು ಅವಳು ಈವರೆಗೂ ಕೇಳಿಲ್ಲ.

ಆದ್ದರಿಂದ ಯಾವುದು ಮೊದಲು ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಈ ಸಿನಿಮಾ ಆ ಪುಸ್ತಕಕ್ಕೆ ಹತ್ತುವ ಮೆಟ್ಟಿಲಲ್ಲ, ಅದು ಬೇರೆಯೇ ಕಥೆ. ತೆರೆಯ ಮೇಲೆಯೇ ನೋಡಬೇಕೆಂದು ಮಗ ಹಟ ಹಿಡಿದರೆ 2019ರಲ್ಲಿ ಬಂದ ಧಾರಾವಾಹಿ ಇದೆ, ಅದು ಅಂತ್ಯವನ್ನು ಮುಚ್ಚಿಡುವುದಿಲ್ಲ. ಆದರೆ ಅದಕ್ಕೂ ಮೊದಲು ನೀವೇ ಪುಸ್ತಕ ಹಿಡಿದು, ಲೈರಾ ಮತ್ತು ರೋಜರ್ ಆಕ್ಸ್‌ಫರ್ಡಿನ ಜೋರ್ಡನ್ ಕಾಲೇಜಿನ ಛಾವಣಿಗಳ ಮೇಲೆ ಅಲೆಯುವ ಆರಂಭದ ಅಧ್ಯಾಯಗಳನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳಿ. ಆ ಗೆಳೆತನ ಅವನ ಮನಸ್ಸಿಗೆ ಹತ್ತಿದರೆ ಉಳಿದ ಪುಟಗಳನ್ನು ಅವನೇ ಓದಿಕೊಳ್ಳುತ್ತಾನೆ. ಕೊನೆಯ ಅಧ್ಯಾಯದ ರಾತ್ರಿ ಮಾತ್ರ ಅವನ ಪಕ್ಕದಲ್ಲಿ ಕುಳಿತಿರಿ.