ರೆಂಬೆ ಸವರಲು ಮತ್ತು ಸೌದೆ ಕೊಯ್ಯಲು ಹಗುರವಾದ ಚೈನ್‌ಸಾ ಆರಿಸುವುದು ಹೇಗೆ?

ಉರುಳಿಸಿದ ಮರದ ರೆಂಬೆ ಸವರಲು ಮತ್ತು ಸೌದೆ ಕೊಯ್ಯಲು ಬಾಳಿಕೆ ಬರುವ ಹಗುರ ಚೈನ್‌ಸಾ ಯಾವುದೆಂದು ಕೇಳಿದ್ದೀರಿ. ಈ ಎರಡೂ ಕೆಲಸಗಳಿಗೆ 35ರಿಂದ 42 ಸಿಸಿಯ, 14 ಅಥವಾ 16 ಇಂಚಿನ ಬಾರ್ (ಚೈನ್ ಸುತ್ತುವ ಉದ್ದನೆಯ ಲೋಹದ ಪಟ್ಟಿ) ಇರುವ ಪೆಟ್ರೋಲ್ ಯಂತ್ರ ಸಾಕು. ಜಾಹೀರಾತಿನ 4–5 ಕಿಲೋ ತೂಕ ಸಾಮಾನ್ಯವಾಗಿ ಬರಿಯ ಯಂತ್ರದ್ದಾಗಿರುವುದರಿಂದ, ಬಾರ್, ಚೈನ್, ಇಂಧನ ಎಲ್ಲ ಸೇರಿದ ಮೇಲಿನ ಭಾರವನ್ನು ಕೊಳ್ಳುವ ಮೊದಲೇ ಎತ್ತಿ ನೋಡಬೇಕು.

ಬಾಳಿಕೆಯ ಪ್ರಶ್ನೆಯಲ್ಲಿ ನಾನು ಮೊದಲು ನೋಡುವುದು ಎಂಜಿನ್ನಿನ ತಿರುಗುವ ಭಾಗಗಳನ್ನು ಹೊತ್ತ ಹೊರಕವಚವಾದ ಕ್ರ್ಯಾಂಕ್‌ಕೇಸನ್ನು. ಅದು ಮೆಗ್ನೀಸಿಯಂ ಮಿಶ್ರಲೋಹದ್ದಾಗಿದ್ದರೆ ಬಿಸಿಯನ್ನು ಪ್ಲಾಸ್ಟಿಕ್‌ಗಿಂತ ಚೆನ್ನಾಗಿ ತಾಳಿಕೊಂಡು ಬೇರಿಂಗ್‌ಗಳನ್ನು ಭದ್ರವಾಗಿ ಹಿಡಿದಿಡುತ್ತದೆ. ತೂಕ ಸ್ವಲ್ಪ ಹೆಚ್ಚಾದರೂ ನಿತ್ಯ ಬಳಸುವವರಿಗೆ ಅದೇ ಲೇಸು. ಆದರೆ ಎಷ್ಟೇ ಗಟ್ಟಿ ಯಂತ್ರವಾದರೂ, ಪೆಟ್ರೋಲಿಗೆ ಟೂ-ಸ್ಟ್ರೋಕ್ ಎಣ್ಣೆ ಬೆರೆಸದೆ ಓಡಿಸಿದರೆ ಪಿಸ್ಟನ್ ಗೀಚಿ ಕೆಡುತ್ತದೆ. ಇಂದಿನ ಬಹುಪಾಲು ಯಂತ್ರಗಳಿಗೆ ಈ ಮಿಶ್ರಣ 50:1, ಅಂದರೆ ಒಂದು ಲೀಟರಿಗೆ 20 ಮಿಲಿಲೀಟರ್ ಎಣ್ಣೆ. ಚೈನ್ ಸಿಪ್ಪೆಯ ಬದಲು ನುಣ್ಣನೆಯ ಪುಡಿ ಉದುರಿಸತೊಡಗಿದರೆ ಅರ ಹಾಕುವ ಸಮಯ ಬಂದಿದೆ ಎಂದು ತಿಳಿಯಿರಿ.

ದಿನಕ್ಕೆ ಒಂದೆರಡು ಗಂಟೆಯ ಬಿಡುವಿನ ಕೆಲಸವಷ್ಟೇ ಇದ್ದರೆ 36 ವೋಲ್ಟಿನ ಬ್ಯಾಟರಿ ಯಂತ್ರವನ್ನೂ ಪರಿಗಣಿಸಬಹುದು. ಯಾವುದನ್ನು ಕೊಂಡರೂ ಚೈನನ್ನು ಥಟ್ಟನೆ ನಿಲ್ಲಿಸುವ ಚೈನ್ ಬ್ರೇಕ್ ಇರಲೇಬೇಕು, ಏಕೆಂದರೆ ರೆಂಬೆ ಸವರುವಾಗ ಬಾರಿನ ತುದಿ ಇನ್ನೊಂದು ಕೊಂಬೆಗೆ ತಾಗಿದರೆ ಯಂತ್ರ ಕ್ಷಣಾರ್ಧದಲ್ಲಿ ಮುಖದತ್ತ ಚಿಮ್ಮುತ್ತದೆ. ಹಗುರವೆಂಬ ಕಾರಣಕ್ಕೆ ಮೇಲ್ಹಿಡಿಯ (ಹಿಡಿ ಹಿಂದಿರದೆ ಯಂತ್ರದ ಮೇಲೇ ಇರುವ) ಚಿಕ್ಕ ಯಂತ್ರವನ್ನು ಆರಿಸಬೇಡಿ. ಅದು ಮರವೇರಿ ಕೊಯ್ಯುವ ತರಬೇತಿ ಪಡೆದವರಿಗಾಗಿ ಮಾಡಿದ್ದು.