ಐಸಿಯು ಸುರಕ್ಷತೆ: ಎರಡು ವಾರದ ಭೇಟಿಗೆ ದುಡ್ಡು ಯಾರು ಕೊಡ್ತಾರೆ?

ಐಸಿಯು ಅಂದರೆ ತೀವ್ರ ನಿಗಾ ಘಟಕ. ಅದನ್ನು ಇನ್ನಷ್ಟು ಸುರಕ್ಷಿತ ಮಾಡಲು ಬೇರೆ ಆಸ್ಪತ್ರೆಗೆ ಕೆಲವು ದಿನ ಹೋಗಿ ಕಲಿಯುವುದು, ಆಮೇಲೆ ಆನ್‌ಲೈನ್‌ನಲ್ಲಿ ಕೂಡಿ ಸಂಶೋಧನೆ ಮಾಡುವುದು, ಇದಕ್ಕೆಲ್ಲ ಹಣ ಹೊಂದಿಸುವುದು ಹೇಗೆ ಎಂದು ಶಿವಮೊಗ್ಗ ಜಿಲ್ಲೆಯ ಹಲವರು ಕೇಳಿದ್ದಾರೆ. ಐಸಿಯುನಲ್ಲೇ ಕೆಲಸ ಮಾಡುವ ಶಿವಮೊಗ್ಗದ ತಜ್ಞ ವೈದ್ಯರು ಉತ್ತರಿಸಿದ್ದಾರೆ.

ಪ್ರಶ್ನೆ: ಸಾಗರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಫಿಸಿಷಿಯನ್ ಆಗಿದ್ದೇನೆ. ನಮ್ಮದು ಆರು ಹಾಸಿಗೆಯ ಐಸಿಯು. ವೆಂಟಿಲೇಟರ್ ಹಾಕಿದವರಿಗೆ ನ್ಯುಮೋನಿಯಾ ಜಾಸ್ತಿ ಆಗ್ತಿದೆ ಅನ್ನಿಸ್ತಿದೆ. ದೊಡ್ಡ ಕಡೆ ಎರಡು ವಾರ ಹೋಗಿ ನೋಡಿಕೊಂಡು ಬಂದು, ಆಮೇಲೆ ಅವರ ಜೊತೆ ಆನ್‌ಲೈನ್‌ನಲ್ಲಿ ಕೆಲಸ ಮುಂದುವರಿಸಬೇಕು ಅಂತ ಆಸೆ. ಹಣ ಎಲ್ಲಿ ಸಿಗುತ್ತದೆ?

ಹಣದ ವಿಷಯಕ್ಕೆ ಆಮೇಲೆ ಬರೋಣ ಡಾಕ್ಟ್ರೇ. ಜಾಸ್ತಿ ಅಂದಿರಲ್ಲ, ಎಷ್ಟು ಜಾಸ್ತಿ? ಇದಕ್ಕೆ ಉತ್ತರ ಇಲ್ಲದೆ ಯಾರ ಬಾಗಿಲು ತಟ್ಟಿದರೂ ಪ್ರಯೋಜನವಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ವೆಂಟಿಲೇಟರ್ ಮೇಲೆ ಎಷ್ಟು ಜನ ಇದ್ದಾರೆ ಅಂತ ಒಬ್ಬರು ಬರೆದಿಡಲಿ. ಇವತ್ತು ಮೂವರಿದ್ದರೆ ಮೂರು ವೆಂಟಿಲೇಟರ್ ದಿನ. ತಿಂಗಳಿಗೆ ಅದು 90 ಆಯಿತು, ಅಷ್ಟರಲ್ಲಿ ಇಬ್ಬರಿಗೆ ನ್ಯುಮೋನಿಯಾ ಬಂತು ಅಂದುಕೊಳ್ಳಿ. ಎರಡನ್ನು 90ರಿಂದ ಭಾಗಿಸಿ 1000ದಿಂದ ಗುಣಿಸಿದರೆ ಸುಮಾರು 22. ಸಾವಿರ ವೆಂಟಿಲೇಟರ್ ದಿನಕ್ಕೆ 22 ಅಂತ ಹೇಳಿದರೆ ಮಣಿಪಾಲದವರಿಗೂ ಅರ್ಥವಾಗುತ್ತದೆ, ಮೆಲ್ಬರ್ನ್‌ನವರಿಗೂ ಅರ್ಥವಾಗುತ್ತದೆ. ಆದರೆ ಆರು ಹಾಸಿಗೆಯಲ್ಲಿ ಒಂದೇ ಒಂದು ಕೇಸು ಹೆಚ್ಚು ಕಡಿಮೆ ಆದರೂ ಅಂಕಿ ಎಲ್ಲಿಂದೆಲ್ಲಿಗೋ ಹಾರುತ್ತದೆ. ಹಾಗಾಗಿ ಕನಿಷ್ಠ ಆರು ತಿಂಗಳ ಲೆಕ್ಕ ಇಟ್ಟುಕೊಳ್ಳಿ. ಯಾವುದನ್ನು ನ್ಯುಮೋನಿಯಾ ಅಂತ ಎಣಿಸಬೇಕು ಎನ್ನುವುದನ್ನೂ ಮೊದಲೇ ಬರೆದಿಡಿ. ನಡುವೆ ಅದನ್ನು ಬದಲಿಸಿದರೆ ಎಲ್ಲ ಹಾಳು.

ಇನ್ನು ಹಣ. ನಿಮ್ಮ ಆಸ್ಪತ್ರೆ ಒಂದೇ ಅರ್ಜಿ ಹಾಕಿದರೆ ಸಿಗುವುದು ಕಷ್ಟ. ವೈದ್ಯಕೀಯ ಕಾಲೇಜೊಂದನ್ನು ಜೊತೆಗೆ ಸೇರಿಸಿಕೊಳ್ಳಿ. ಶಿವಮೊಗ್ಗದ ಸಿಮ್ಸ್ ಹತ್ತಿರದಲ್ಲೇ ಇದೆ. ಕಾಲೇಜು ಸೇರಿದರೆ ಹಲವು ದಾರಿ ತೆರೆದುಕೊಳ್ಳುತ್ತವೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ಅಧೀನದ ಕಾಲೇಜುಗಳ ಅಧ್ಯಾಪಕರಿಗೆ ಸಂಶೋಧನಾ ಅನುದಾನ ಕೊಡುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್ ಇದೆ. ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆ ದೇಶದೊಳಗೂ ಹೊರಗೂ ತರಬೇತಿಗೆ ಫೆಲೋಶಿಪ್ ನಡೆಸುತ್ತದೆ. ವಿಜ್ಞಾನ ಸಂಶೋಧನೆಗೆ ಹಣ ಕೊಡುತ್ತಿದ್ದ ಕೇಂದ್ರದ ಮಂಡಳಿ ಎಸ್‌ಇಆರ್‌ಬಿ ಈಗ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್‌ನಲ್ಲಿ ಸೇರಿಹೋಗಿದೆ. ಹಳೆಯ ಹೆಸರಲ್ಲಿ ಹುಡುಕಿ ಸುಮ್ನೆ ಟೈಮ್ ಹಾಳು ಮಾಡಬೇಡಿ. ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಐಸಿಎಂಆರ್‌ನ ಎರಡು ತಿಂಗಳ ಅಲ್ಪಾವಧಿ ಸ್ಟೂಡೆಂಟ್‌ಶಿಪ್ ಉಂಟು. ನಿಮ್ಮ ವೆಂಟಿಲೇಟರ್ ಲೆಕ್ಕವನ್ನೇ ಒಬ್ಬ ವಿದ್ಯಾರ್ಥಿಯ ಪ್ರಾಜೆಕ್ಟ್ ಮಾಡಿದರೆ ಇಬ್ಬರಿಗೂ ಲಾಭ.

ಇನ್ನೊಂದು ದಾರಿ ಉಲ್ಟಾ ದಾರಿ: ನೀವು ಹೋಗುವ ಬದಲು ಅವರನ್ನೇ ಇಲ್ಲಿಗೆ ಕರೆಸುವುದು. ಕೇಂದ್ರ ಸರ್ಕಾರದ ವೈಭವ್ ಫೆಲೋಶಿಪ್‌ನಲ್ಲಿ ವಿದೇಶದಲ್ಲಿರುವ ಭಾರತೀಯ ಮೂಲದ ಸಂಶೋಧಕರು ವರ್ಷಕ್ಕೆ ಎರಡು ತಿಂಗಳವರೆಗೆ, ಮೂರು ವರ್ಷದ ತನಕ ಇಲ್ಲಿನ ಸಂಸ್ಥೆಯೊಂದಕ್ಕೆ ಬಂದು ಹೋಗಬಹುದು. ಉಳಿದ ತಿಂಗಳು ಕೆಲಸ ಆನ್‌ಲೈನ್‌ನಲ್ಲೇ ನಡೆಸಿದರಾಯಿತು. ಆತಿಥ್ಯ ವಹಿಸುವ ಸಂಸ್ಥೆಗೆ ಷರತ್ತುಗಳಿವೆ, ಆರು ಹಾಸಿಗೆಯ ಆಸ್ಪತ್ರೆಗೆ ಅದು ಒಗ್ಗುವುದಿಲ್ಲ. ದೊಡ್ಡ ಸಂಸ್ಥೆಯ ಜೊತೆ ನೀವು ಪಾಲುದಾರರಾಗಬಹುದು, ಅಷ್ಟೆ.

ಬಜೆಟ್ ಬರೆಯುವಾಗ ಎಲ್ಲರೂ ಟಿಕೆಟ್ಟು, ಲಾಡ್ಜು, ಊಟ ಅಂತ ಬರೆದು ಮುಗಿಸುತ್ತಾರೆ. ನನ್ನ ಪ್ರಕಾರ ಅದು ಮೂರನೇ ಒಂದು ಪಾಲು ಮೀರಬಾರದು. ನೀವು ಎರಡು ವಾರ ಊರಲ್ಲಿಲ್ಲದಾಗ ನಿಮ್ಮ ಐಸಿಯು ನೋಡಿಕೊಳ್ಳೋರು ಯಾರು? ಆ ಬದಲಿ ಡಾಕ್ಟರ ಸಂಭಾವನೆಯನ್ನು ಮೊದಲು ಬರೆಯಿರಿ. ಆಮೇಲೆ ವಾಪಸ್ ಬಂದ ಮೇಲಿನ ಒಂದು ವರ್ಷ. ದಿನಾ ಲೆಕ್ಕ ತುಂಬುವ ಒಬ್ಬ ಅರೆಕಾಲಿಕ ಹುಡುಗಿಗೋ ಹುಡುಗನಿಗೋ ಸಂಬಳ, ಇಂಟರ್ನೆಟ್ಟು, ಯುಪಿಎಸ್. ಭೇಟಿಗೆ ಮಾತ್ರ ಹಣ ಕೊಟ್ಟು ಆಮೇಲಿನದಕ್ಕೆ ಕೊಡದಿದ್ದರೆ ಉಳಿಯುವುದು ಗೋಡೆ ಮೇಲಿನ ಸರ್ಟಿಫಿಕೇಟ್ ಮಾತ್ರ.

ಎಲ್ಲಿಗೆ ಹೋಗಬೇಕು? ಲಂಡನ್ನೇ ಆಗಬೇಕಿಲ್ಲ. ಆಗುಂಬೆ ಘಾಟಿ ಇಳಿದರೆ ಮಣಿಪಾಲ, ಜನಶತಾಬ್ದಿ ಹತ್ತಿದರೆ ಬೆಂಗಳೂರು. ಆದರೆ ಹೋದಲ್ಲಿ ಬರೀ ರೌಂಡ್ಸ್‌ನಲ್ಲಿ ನಿಂತು ಬರಬೇಡಿ. ರಾತ್ರಿ ಪಾಳಿಯಲ್ಲಿ ಕೂತು ನೋಡಿ. ಒಂದು ಚಿಕ್ಕ ವಿಷಯ ಹೇಳುತ್ತೇನೆ. ಉಸಿರಿನ ನಳಿಕೆಯ ತುದಿಯಲ್ಲಿ ಒಂದು ಕಫ್, ಅಂದರೆ ಗಾಳಿ ತುಂಬುವ ಪುಟ್ಟ ಚೀಲ ಇರುತ್ತದೆ. ಅದರೊಳಗಿನ ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನಷ್ಟು ಇರಬೇಕು. ಕಡಿಮೆಯಾದರೆ ಬಾಯಲ್ಲಿನ ಕೊಳೆ ಶ್ವಾಸಕೋಶಕ್ಕೆ ಜಾರುತ್ತದೆ, ಹೆಚ್ಚಾದರೆ ಶ್ವಾಸನಾಳದ ಒಳಗೋಡೆಗೆ ಗಾಯ. ಹೊರಗೆ ನೇತಾಡುವ ಪುಟ್ಟ ಬಲೂನನ್ನು ಬೆರಳಲ್ಲಿ ಒತ್ತಿ ‘ಸರಿ ಇದೆ’ ಅನ್ನುವ ರೂಢಿ ಎಷ್ಟೋ ಕಡೆ ಇದೆ. ಬೆರಳಿಗೆ 20ಕ್ಕೂ 50ಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ನೀವು ಹೋದ ಕಡೆ ಪ್ರತಿ ಪಾಳಿಗೆ ಒಮ್ಮೆ ಮಾಪಕ ಹಾಕಿ ಅಳೆಯುತ್ತಾರಾ, ಯಾರು ಅಳೆಯುತ್ತಾರೆ, ಎಲ್ಲಿ ಬರೆಯುತ್ತಾರೆ, ಬರೆಯಲು ಮರೆತರೆ ಯಾರು ಕೇಳುತ್ತಾರೆ? ಇದನ್ನು ನೋಡಿಕೊಂಡು ಬನ್ನಿ. ಮಾಪಕ ದುಡ್ಡು ಕೊಟ್ಟರೆ ಸಿಗುತ್ತದೆ. ಆ ಪದ್ಧತಿ ಸಿಗಬೇಕಾದರೆ ಅಲ್ಲಿದ್ದು ನೋಡಬೇಕು.

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಐಸಿಯು ಸ್ಟಾಫ್ ನರ್ಸ್. ಇಂಥ ಭೇಟಿ, ಗ್ರಾಂಟು ಎಲ್ಲ ಡಾಕ್ಟರಿಗೇ ಮೀಸಲಾ ಸರ್? ನಮಗೇನೂ ಇಲ್ವಾ?

ಸಿಸ್ಟರ್, ನನ್ನನ್ನು ಕೇಳಿದರೆ ಮೊದಲು ಹೋಗಬೇಕಾದವರೇ ನೀವು.

ಅಮೆರಿಕದ ಮಿಚಿಗನ್ ರಾಜ್ಯದ ಕತೆ ಹೇಳುತ್ತೇನೆ. 2004ರ ಹೊತ್ತಿಗೆ ಅಲ್ಲಿನ ನೂರಕ್ಕೂ ಹೆಚ್ಚು ಐಸಿಯುಗಳು ಸೇರಿ ಸೆಂಟ್ರಲ್ ಲೈನ್, ಅಂದರೆ ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆಯಿಂದ ಬರುವ ಸೋಂಕು ತಗ್ಗಿಸಲು ಹೊರಟವು. ಮಾಡಿದ್ದು ಐದು ಕೆಲಸ. ಕೈ ತೊಳೆಯುವುದು, ಗೌನು-ಮಾಸ್ಕು-ಕ್ಯಾಪು-ಪೂರ್ತಿ ಹೊದಿಕೆ ಹಾಕುವುದು, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್‌ನಿಂದ ಒರೆಸುವುದು, ಸಾಧ್ಯವಾದಷ್ಟು ತೊಡೆಸಂದಿಯಲ್ಲಿ ಲೈನ್ ಹಾಕದಿರುವುದು, ಬೇಡವಾದ ಲೈನ್ ತೆಗೆದುಬಿಡುವುದು. ಇವು ಯಾವುದೂ ಹೊಸದಲ್ಲ, ಎಲ್ಲರಿಗೂ ಗೊತ್ತಿದ್ದವೇ. ಆದರೆ ತುರ್ತು ಇಲ್ಲದ ಹೊತ್ತಲ್ಲಿ ಡಾಕ್ಟರು ಒಂದು ಹೆಜ್ಜೆ ಬಿಟ್ಟರೆ ಅವರನ್ನು ಅಲ್ಲೇ ತಡೆದು ನಿಲ್ಲಿಸುವ ಅಧಿಕಾರವನ್ನೂ ನರ್ಸುಗಳಿಗೆ ಕೊಟ್ಟರು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸಾವಿರ ಕ್ಯಾಥೆಟರ್ (ಲೈನ್) ದಿನಕ್ಕೆ ಸರಾಸರಿ 7.7 ಇದ್ದ ಸೋಂಕು ಒಂದೂವರೆ ವರ್ಷದಲ್ಲಿ 1.4ಕ್ಕೆ ಇಳಿಯಿತು.

ನಮ್ಮಲ್ಲಿ ‘ಸರ್, ಗೌನ್ ಹಾಕಿಲ್ಲ, ನಿಲ್ಲಿಸಿ’ ಅನ್ನಲು ಒಬ್ಬ ಸಿಸ್ಟರಿಗೆ ಎಷ್ಟು ಧೈರ್ಯ ಬೇಕು ಅಂತ ನಿಮಗೆ ನಾನು ಹೇಳಬೇಕಿಲ್ಲ. ಆ ಮಾತನ್ನು ಸಲೀಸಾಗಿ ಆಡುವ ಐಸಿಯು ಒಂದರಲ್ಲಿ ಹತ್ತು ದಿನ ಇದ್ದು ಬಂದರೆ ಅದು ಬಾಯಿಗೆ ರೂಢಿಯಾಗುತ್ತದೆ. ಪುಸ್ತಕ ಓದಿ ಅದು ಬರುವುದಿಲ್ಲ. ನಿಮ್ಮ ಡಾಕ್ಟರೂ ಜೊತೆಗೆ ಬರಬೇಕು, ತಡೆಸಿಕೊಳ್ಳುವುದನ್ನೂ ಕಲಿಯಬೇಕಲ್ಲ! ಹಾಗಾಗಿ ಯಾವ ಅರ್ಜಿಯಾದರೂ ಒಬ್ಬ ಡಾಕ್ಟರು, ಒಬ್ಬ ನರ್ಸು ಅಂತ ಜೋಡಿಯಾಗಿಯೇ ಬರೆಯಿರಿ. ನಿಮ್ಮ ಹೆಸರು ಸಹ-ಸಂಶೋಧಕಿ ಅಂತ ಇರಲಿ. ‘ಸಹಾಯಕ ಸಿಬ್ಬಂದಿ’ ಅಂತ ಬರೆದರೆ ಒಪ್ಪಬೇಡಿ.

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ, ಅಡಿಕೆ ತೋಟ ಇದೆ. ಅಪ್ಪ ಐಸಿಯುನಲ್ಲಿ ತೀರಿಕೊಂಡರು. ಅವರ ಹೆಸರಲ್ಲಿ ಸರ್ಕಾರಿ ಆಸ್ಪತ್ರೆಗೆ ಐದಾರು ಲಕ್ಷ ಕೊಡಬೇಕು ಅಂತ ಅಣ್ಣ ತಮ್ಮಂದಿರು ಸೇರಿ ತೀರ್ಮಾನಿಸಿದ್ದೇವೆ. ವೆಂಟಿಲೇಟರ್ ಕೊಡಿಸೋಣವೇ?

ಒಳ್ಳೆಯ ಮನಸ್ಸು. ಕೊಡುವ ಮೊದಲು ಆಸ್ಪತ್ರೆಗೆ ಹೋಗಿ, ಈಗಾಗಲೇ ಇರುವ ವೆಂಟಿಲೇಟರ್‌ಗಳಲ್ಲಿ ಎಷ್ಟು ಓಡುತ್ತಿವೆ ಅಂತ ಕೇಳಿ. ಕೋವಿಡ್ ಕಾಲದಲ್ಲಿ ಬಂದವು ಎಷ್ಟೋ ಕಡೆ ನಡೆಸುವವರಿಲ್ಲದೆ ಕವರ್ ಹೊದ್ದು ಕೂತಿವೆ. ಯಂತ್ರದ ಮೇಲೆ ಅಪ್ಪನ ಹೆಸರು ಬರೆಸಬಹುದು ನಿಜ. ಆದರೆ ಯಂತ್ರ ನೋಡಿಕೊಳ್ಳುವ ಕೈ ಬೇಕಲ್ವಾ?

ಅದೇ ಹಣದಲ್ಲಿ ಎರಡು ವರ್ಷ, ವರ್ಷಕ್ಕೊಂದು ಡಾಕ್ಟರ್-ನರ್ಸ್ ಜೋಡಿಯನ್ನು ರಾಜ್ಯದೊಳಗಿನ ಒಳ್ಳೆಯ ಐಸಿಯುಗೆ ಕಳಿಸಬಹುದು. ಬಂದ ಮೇಲೆ ಲೆಕ್ಕ ಬರೆಯುವವರ ಸಂಬಳಕ್ಕೂ ಉಳಿಯುತ್ತದೆ. ನಿಮ್ಮ ಅಪ್ಪನ ಹೆಸರಲ್ಲೇ ಅದು ನಡೆಯಲಿ. ಸರ್ಕಾರಿ ಆಸ್ಪತ್ರೆಗಾದರೆ ಆರೋಗ್ಯ ರಕ್ಷಾ ಸಮಿತಿ ಮೂಲಕ ಕೊಡಿ, ರಸೀದಿ ತೆಗೆದುಕೊಳ್ಳಿ. ಯಾವ ಕೆಲಸಕ್ಕೆ ಅಂತ ಪತ್ರದಲ್ಲಿ ಬಿಡಿಸಿ ಬರೆಯಿರಿ, ಇಲ್ಲದಿದ್ದರೆ ಅದು ಬಣ್ಣ ಬಳಿಯುವುದಕ್ಕೂ ಹೋಗಬಹುದು. ಒಂದು ಷರತ್ತು ಹಾಕಿ: ಆರು ತಿಂಗಳಿಗೊಮ್ಮೆ ಸೋಂಕಿನ ಅಂಕಿ ನಮಗೂ ತೋರಿಸಬೇಕು ಅಂತ. ಕೊಟ್ಟವರು ಕೇಳಿದರೆ ತಪ್ಪೇನಿಲ್ಲ.

ಪ್ರಶ್ನೆ: ವಿದೇಶದ ವಿಶ್ವವಿದ್ಯಾಲಯವೊಂದು ನಮ್ಮ ಟ್ರಸ್ಟ್ ಆಸ್ಪತ್ರೆಯ ಜೊತೆ ಕೆಲಸ ಮಾಡುತ್ತೇವೆ, ಹಣವನ್ನೂ ಕೊಡುತ್ತೇವೆ, ರೋಗಿಗಳ ಮಾಹಿತಿ ಕಳಿಸಿ ಅಂತಿದೆ. ಒಪ್ಪಬಹುದಾ? (ಭದ್ರಾವತಿ)

ಒಪ್ಪಬಹುದು, ಆದರೆ ಅವಸರ ಬೇಡ. ಕಾಗದದ ಕೆಲಸ ಇಷ್ಟಿದೆ. ನೋಂದಾಯಿತ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು. ವಿದೇಶಿ ಸಹಯೋಗದ ಆರೋಗ್ಯ ಸಂಶೋಧನೆಗೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿ ಇದೆ, ಐಸಿಎಂಆರ್ ಮೂಲಕ ಅಲ್ಲಿಗೆ ಹೋಗಬೇಕು. ಟ್ರಸ್ಟಿಗೆ ವಿದೇಶದಿಂದ ನೇರ ಹಣ ಬರುವುದಾದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇರಬೇಕು. ನಿಮ್ಮ ತಂಡದಲ್ಲಿ ಸರ್ಕಾರಿ ನೌಕರರಿದ್ದು, ವಿದೇಶಕ್ಕೆ ಹೋದಾಗಿನ ಖರ್ಚನ್ನು ಅಲ್ಲಿನವರೇ ನೋಡಿಕೊಳ್ಳುವುದಾದರೆ, ಅದಕ್ಕೂ ಅದೇ ಕಾಯ್ದೆಯಡಿ ಮೊದಲೇ ಅನುಮತಿ ಪಡೆಯಬೇಕು. ಇದು ಎಷ್ಟೋ ಜನರಿಗೆ ಟಿಕೆಟ್ ಕೈಗೆ ಬಂದ ಮೇಲೆ ಗೊತ್ತಾಗುತ್ತದೆ.

ಕಾಗದಕ್ಕಿಂತ ಮುಖ್ಯವಾದದ್ದು ಪ್ರಶ್ನೆ ಯಾರದು ಅನ್ನುವುದು. ಬರೀ ಮಾಹಿತಿ ಕಳಿಸುವ ಗುಮಾಸ್ತರಾಗಿ ಉಳಿಯಬೇಡಿ. ಶ್ರೀಲಂಕಾದವರನ್ನು ನೋಡಿ. ಕೀಟನಾಶಕದ ವಿಷಪ್ರಾಶನ ನಮ್ಮಂತೆ ಅವರಿಗೂ ದೊಡ್ಡ ಪಿಡುಗು. ವಿಷ ಹೀರಲಿ ಅಂತ ಇದ್ದಿಲಿನ ಪುಡಿಯನ್ನು ಮತ್ತೆ ಮತ್ತೆ ಕೊಡುವುದರಿಂದ ಜೀವ ಉಳಿಯುತ್ತಾ ಎಂಬ ಪ್ರಶ್ನೆ ಅಲ್ಲಿನ ವಾರ್ಡುಗಳದ್ದೇ. ವಿದೇಶಿ ವಿಶ್ವವಿದ್ಯಾಲಯಗಳವರೂ ಜೊತೆಗೂಡಿದರು, ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಹಣ ಕೊಟ್ಟಿತು. ಆದರೆ ಕೆಲಸ ನಡೆದದ್ದು ಊರಿನ ಆಸ್ಪತ್ರೆಗಳಲ್ಲಿ, 4,600ಕ್ಕೂ ಹೆಚ್ಚು ರೋಗಿಗಳ ಮೇಲೆ. ಸಾವು ಕಡಿಮೆಯಾಗಲಿಲ್ಲ ಅಂತ 2008ರಲ್ಲಿ ಪ್ರಕಟವಾಯಿತು. ಜಗತ್ತೆಲ್ಲ ಆ ಫಲಿತಾಂಶ ಓದಿತು.

ಮಲೆನಾಡಿಗೂ ಇಂಥ ಪ್ರಶ್ನೆಗಳಿಗೇನು ಬರವಿಲ್ಲ. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದೇ 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಳೆಗಾಲದಲ್ಲಿ ಇಲಿಜ್ವರ, ಗದ್ದೆ ತೋಟದಲ್ಲಿ ಹಾವು ಕಡಿತ. ಇಂಥ ರೋಗಿಗಳನ್ನು ತಾಲ್ಲೂಕಿನಿಂದ ಜಿಲ್ಲಾ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಸಾಗಿಸುವಾಗ ಏನೇನು ತಪ್ಪುತ್ತದೆ ಅನ್ನುವುದೇ ಒಂದು ಸಂಶೋಧನೆಯ ವಿಷಯ. ವಿದೇಶದವರು ಬರುವುದಾದರೆ ಬೇಸಿಗೆ ರಜೆಗೆ ಬರುವುದು ಬೇಡ, ಜುಲೈನಲ್ಲಿ ಬರಲಿ ಅನ್ನಿ. ನೆನೆದರೆ ನೆನೆಯಲಿ.

ಪ್ರಶ್ನೆ: ಹೊಸನಗರದಲ್ಲಿ ಮಳೆಗಾಲ ಬಂದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಆನ್‌ಲೈನ್ ಸಹಯೋಗ ಅನ್ನೋದು ನಮಗೆ ಆಗೋ ಮಾತಾ?

ಆಗುತ್ತದೆ, ವಿಡಿಯೋದ ಹಟ ಬಿಟ್ಟರೆ. ಸ್ಲೈಡುಗಳನ್ನು ಹಿಂದಿನ ದಿನವೇ ಕಳಿಸಿಡಲಿ. ಮೀಟಿಂಗಿಗೆ ಫೋನ್ ಕರೆಯಲ್ಲಿ ಸೇರುವ ವ್ಯವಸ್ಥೆ ಇರಲಿ. ದಿನ, ಹೊತ್ತು ಬದಲಾಗಬಾರದು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ 2003ರಲ್ಲಿ ಶುರುವಾದ ಎಕೋ ಪದ್ಧತಿ ಹೀಗೆ ನಿಗದಿತ ಹೊತ್ತಿಗೆ ದೂರದಿಂದಲೇ ಸೇರುತ್ತ ಬೆಳೆದದ್ದು. ನಡುವೆ ತಜ್ಞರ ತಂಡ, ಸುತ್ತ ಸಣ್ಣ ಆಸ್ಪತ್ರೆಗಳು, ಪ್ರತಿ ಸಲ ಒಂದು ನಿಜವಾದ ಕೇಸು. ನಮ್ಮ ನಿಮ್ಹಾನ್ಸ್ ಕೂಡ ಅದನ್ನು ನಡೆಸುತ್ತಿದೆ.

ಒಂದು ಎಚ್ಚರ. ಮಾನಿಟರ್ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುವ ಅಭ್ಯಾಸ ಎಲ್ಲರಿಗೂ ಇದೆ. ಫೋಟೋ ದೊಡ್ಡದು ಮಾಡಿ ನೋಡಿ: ಮೇಲಿನ ಮೂಲೆಯಲ್ಲಿ ರೋಗಿಯ ಹೆಸರು, ಪಕ್ಕದ ಫೈಲಿನಲ್ಲಿ ಒಳರೋಗಿ (ಐಪಿ) ನಂಬರು, ಕೆಳಗೆ ಕೈಪಟ್ಟಿ. ಊರು ಚಿಕ್ಕದು, ಯಾರು ಅಂತ ಗೊತ್ತಾಗಲು ಅಷ್ಟು ಸಾಕು. ಹೆಸರಿನ ಬದಲು ಸಂಕೇತ ಸಂಖ್ಯೆ ಕೊಡಿ. ಯಾವ ಸಂಖ್ಯೆ ಯಾರದು ಅನ್ನುವ ಪುಸ್ತಕ ನಿಮ್ಮ ಬೀರುವಿನಲ್ಲೇ ಇರಲಿ.

ಪ್ರಶ್ನೆ: ಹಣ ಸಿಕ್ಕಿದೆ, ಆಹ್ವಾನವೂ ಬಂದಿದೆ. ಮೇಲಿನವರು ರಜೆ ಕೊಡುತ್ತಿಲ್ಲ. (ಸರ್ಕಾರಿ ವೈದ್ಯೆ, ಶಿಕಾರಿಪುರ)

ರಜೆ ಕೇಳಬೇಡಿ ಮೇಡಂ, ಓಓಡಿ, ಅಂದರೆ ಕರ್ತವ್ಯದ ಮೇಲೆ ಹೊರಹೋಗುವ ಅನುಮತಿ ಕೇಳಿ. ಇದು ಕರ್ತವ್ಯವೇ. ಅರ್ಜಿಯ ಜೊತೆ ಆಹ್ವಾನ ಪತ್ರ, ದಿನದಿನದ ಕಾರ್ಯಕ್ರಮ, ಟಿಎ ಡಿಎ ಇಲಾಖೆ ಕೊಡಬೇಕಿಲ್ಲ ಎಂಬ ಒಂದು ಸಾಲು ಇರಲಿ. ನಿಮ್ಮ ಡ್ಯೂಟಿ ಯಾರು ನೋಡುತ್ತಾರೆ ಎಂದು ಅವರದೇ ಸಹಿ ಹಾಕಿಸಿದ ಪಟ್ಟಿಯನ್ನೂ ಲಗತ್ತಿಸಿ. ಸಾಮಾನ್ಯವಾಗಿ ಫೈಲು ನಿಲ್ಲುವುದು ಈ ಪಟ್ಟಿ ಇಲ್ಲದೆಯೇ. ವರ್ಗಾವಣೆ ಸಮಯಕ್ಕಿಂತ ಮುಂಚೆ ಕೊಟ್ಟರೆ ಇನ್ನೂ ಒಳ್ಳೆಯದು.