ಕೂಲರ್ ಕೊಳ್ಳುವಾಗ ಪೈಪ್ ಎಣಿಸಬೇಡಿ

ಪ್ರಶ್ನೆ: ಪ್ರೊಸೆಸರ್‌ಗೆ ಕೂಲರ್ ಹುಡುಕುತ್ತಿದ್ದೇನೆ. ಒಂದರಲ್ಲಿ ಆರು ಹೀಟ್ ಪೈಪ್ ಇವೆ, ಗ್ರೂವ್ಡ್ ಅಂತೆ. ಇನ್ನೊಂದರಲ್ಲಿ ನಾಲ್ಕೇ, ಆದರೆ ಸಿಂಟರ್ಡ್. ಮೂರನೆಯದು ವೇಪರ್ ಚೇಂಬರ್. ಎಲ್ಲವೂ ತಾಮ್ರವೇ ಅಲ್ವಾ, ವ್ಯತ್ಯಾಸ ಏನು?

ಉತ್ತರ: ತಾಮ್ರ ಹೊರಗಿನ ಗೋಡೆ ಅಷ್ಟೇ. ನಿಜವಾದ ಕೆಲಸ ಮಾಡೋದು ಒಳಗಿರುವ ಒಂಚೂರು ನೀರು. ಗಾಳಿ ತೆಗೆದು ಮುಚ್ಚಿರುವುದರಿಂದ ಆ ನೀರು 100 ಡಿಗ್ರಿವರೆಗೆ ಕಾಯಬೇಕಿಲ್ಲ, 40 ಡಿಗ್ರಿಯಲ್ಲೂ ಆವಿಯಾಗುತ್ತದೆ, ಫಿನ್‌ಗಳ (ಗಾಳಿಗೆ ಬಿಸಿ ಬಿಡುವ ತೆಳು ಲೋಹದ ಹಾಳೆಗಳು) ಕಡೆ ಓಡಿ ಅಲ್ಲಿ ಬಿಸಿ ಬಿಟ್ಟು ಮತ್ತೆ ನೀರಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 2400 ಜೂಲ್ ಶಾಖ ಹೀರುತ್ತದೆ. ಅದಕ್ಕೇ ಬೆರಳಿಗಿಂತ ಸಣ್ಣ ಪೈಪ್ ಅಷ್ಟೇ ದಪ್ಪದ ಗಟ್ಟಿ ತಾಮ್ರದ ಸರಳನ್ನು ಎಷ್ಟೋ ಪಟ್ಟು ಮೀರಿಸುತ್ತದೆ. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ವಿಜ್ಞಾನಿ ಜಾರ್ಜ್ ಗ್ರೋವರ್ ಇದನ್ನು ಮಾಡಿ ತೋರಿಸಿದಾಗ ಗುರಿ ಇದ್ದದ್ದು ಬಾಹ್ಯಾಕಾಶದ ಕಡೆ, ಕಂಪ್ಯೂಟರ್ ಕಡೆ ಅಲ್ಲ.

ಆ ನೀರು ವಾಪಸ್ ಬರೋದು ಹೇಗೆ? ದೀಪದ ಬತ್ತಿ ಎಣ್ಣೆ ಹೀರುವ ಹಾಗೆ, ಪೈಪಿನ ಒಳಗೋಡೆಯೇ ಇಲ್ಲಿ ಬತ್ತಿಯ ಕೆಲಸ ಮಾಡುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಈ ಬತ್ತಿಯಲ್ಲೇ ಇದೆ. ಗ್ರೂವ್ಡ್ ಅಂದರೆ ಒಳಗೋಡೆಯಲ್ಲಿ ಉದ್ದುದ್ದ ಗೀರುಗಳು. ಅಗ್ಗ, ನೀರೂ ಸಲೀಸಾಗಿ ಹರಿಯುತ್ತದೆ, ಆದರೆ ಮೇಲಕ್ಕೆ ಎಳೆಯುವ ಬಲ ಕಡಿಮೆ, ಬಿಸಿ ತುದಿ ಮೇಲಿದ್ದರೆ ಅಲ್ಲಿಗೆ ನೀರು ಮುಟ್ಟದೆ ಪೈಪ್ ಒಣಗುತ್ತದೆ. ಸಿಂಟರ್ಡ್‌ನಲ್ಲಿ ತಾಮ್ರದ ಪುಡಿಯನ್ನು ಕಾಯಿಸಿ ಗೋಡೆಗೆ ಅಂಟಿಸಿರುತ್ತಾರೆ. ರಂಧ್ರಗಳು ತುಂಬಾ ಸಣ್ಣವು, ಹಾಗಾಗಿ ಎಳೆತ ಜೋರು, ಪೈಪ್ ಯಾವ ಕಡೆ ತಿರುಗಿದ್ದರೂ ಹೆಚ್ಚುಕಡಿಮೆ ನಡೆಯುತ್ತದೆ. ತಂತಿ ಬಲೆಯ ಬತ್ತಿಯೂ ಇದೆ, ಅದು ಇವೆರಡರ ನಡುವೆ.

ವೇಪರ್ ಚೇಂಬರ್ ಅಂದರೆ ಇದೇ ಪೈಪ್ ಚಪ್ಪಟೆ ಡಬ್ಬಿಯಾದ ಹಾಗೆ. ಶಾಖ ಒಂದೇ ದಿಕ್ಕಿಗೆ ಹೋಗದೆ ಸುತ್ತಲೂ ಹರಡುತ್ತದೆ. ಚಿಪ್ ಸಣ್ಣದಿದ್ದು ಬಿಸಿ ವಿಪರೀತ ಇದ್ದರೆ ಇದಕ್ಕೆ ದುಡ್ಡು ಕೊಡಬಹುದು, ಸಾಧಾರಣ ಪ್ರೊಸೆಸರ್‌ಗೆ ಸುಮ್ನೆ ಖರ್ಚು.

ನಾನಾದರೆ ನಾಲ್ಕು ಪೈಪಿನ ಸಿಂಟರ್ಡ್ ತಗೊಳ್ಳುತ್ತೇನೆ. ಚಿಪ್ ಸಣ್ಣದಿದ್ದರೆ ಆರರಲ್ಲಿ ಅಂಚಿನ ಎರಡು ಪೈಪುಗಳ ಕೆಳಗೆ ಚಿಪ್ಪೇ ಇರುವುದಿಲ್ಲ, ಅವಕ್ಕೆ ಬಿಸಿ ಸಿಗೋದೇ ಕಡಿಮೆ. ಪೈಪ್ 6 ಮಿಲಿಮೀಟರೋ 8 ಮಿಲಿಮೀಟರೋ ಅಂತಲೂ ನೋಡಿ, ದಪ್ಪ ಇದ್ದಷ್ಟೂ ಜಾಸ್ತಿ ಹೊರುತ್ತದೆ, ತೀರಾ ಚಪ್ಪಟೆ ಮಾಡಿದ್ದರೆ ಆ ಲಾಭ ಹೋಗುತ್ತದೆ. ಫಿನ್ ಮತ್ತು ಫ್ಯಾನ್ ಚಿಕ್ಕದಿದ್ದರೆ ಯಾವ ಪೈಪೂ ಕೈಹಿಡಿಯಲ್ಲ.

ಗ್ರೂವ್ಡ್ ಈಗಾಗಲೇ ಕೊಂಡಿದ್ದರೆ ಬಿಸಾಡಬೇಡಿ. ಮದರ್‌ಬೋರ್ಡ್ ಅಡ್ಡ ಮಲಗಿ ಕೂಲರ್ ಮೇಲ್ಮುಖವಾಗಿ ನಿಂತಿದ್ದರೆ ನೀರು ತಾನಾಗಿಯೇ ಕೆಳಗಿಳಿಯುತ್ತದೆ, ಆಗ ಅದೂ ಚೆನ್ನಾಗಿಯೇ ಕೆಲಸ ಮಾಡುತ್ತದೆ.